ಅತ್ತೆಯ ತಣ್ಣೀರು, ನನ್ನ ಆ್ಯಪ್

ಎಂಟನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿರುವಾಗ ಮೇಜಿನ ಮೇಲಿಟ್ಟ ಫೋನು ಗುರ್ ಎನ್ನುತ್ತದೆ. ಯಾರಿಗೆ ಏನಾಯಿತೋ ಎಂದು ಗಾಬರಿಯಿಂದ ನೋಡಿದರೆ, ನಿಮ್ಮ ಬಿಸಿನೀರು ಸಿದ್ಧವಾಗಿದೆ ಎಂಬ ಸಂದೇಶ. ಹಗಲು ಹನ್ನೊಂದೂವರೆಗೆ, ಮನೆಯಿಂದ ಎರಡು ಮೈಲಿ ದೂರದಲ್ಲಿ, ಕೈತುಂಬ ಸೀಮೆಸುಣ್ಣದ ಪುಡಿ ಮೆತ್ತಿಕೊಂಡು ನಿಂತವಳಿಗೆ ಬಿಸಿನೀರು ಏಕೆ ಹೇಳಿ? ಆದರೂ ತೆರೆದು ನೋಡುತ್ತೇನೆ. ಐವತ್ತೈದು ಡಿಗ್ರಿ. ಸರಿ ಎಂದು ಮುಚ್ಚಿ, ಎರಡು ನಿಮಿಷಕ್ಕೆ ಮತ್ತೆ ನೋಡುತ್ತೇನೆ. ಮುಚ್ಚಿದ ತೊಟ್ಟಿಯ ನೀರು ಎಲ್ಲಿಗೂ ಹೋಗುವುದಿಲ್ಲ ಎಂದು ಗೊತ್ತು. ಗೊತ್ತಿದ್ದೂ ನೋಡದೆ ಇರಲು ನನ್ನ ಕೈಯಲ್ಲಿ ಆಗುವುದಿಲ್ಲ.

ಅನುಮಾನ ನನಗೆ ತವರಿನಿಂದ ಬಂದ ಬಳುವಳಿ. ಅರಕಲಗೂಡಿನ ನಮ್ಮ ಅಜ್ಜಿ ಹಾಲಿನವನನ್ನು ನಂಬುತ್ತಿರಲಿಲ್ಲ, ಪಂಚಾಂಗವನ್ನು ನಂಬುತ್ತಿರಲಿಲ್ಲ, ಕೊನೆಗೆ ತಾವೇ ಹಾಕಿದ ಬೀಗವನ್ನೂ ನಂಬದೆ ಮೂರು ಸಲ ಜಗ್ಗಿ ನೋಡುತ್ತಿದ್ದರು. ಆ ಮನೆಯ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆ ಇತ್ತು. ತೆಂಗಿನ ಮಟ್ಟೆ, ಕರಟ, ಒಣಗಿದ ಸೋಗೆ ಏನು ಸಿಕ್ಕರೂ ಅದರ ಒಲೆಗೆ ಹೋಗುತ್ತಿತ್ತು. ಒಂದು ಚೊಂಬು ಬಿಸಿನೀರು ತೆಗೆದವರು ಎರಡು ಚೊಂಬು ತಣ್ಣೀರು ಹುಯ್ಯಬೇಕು ಎಂಬುದು ಮನೆಯ ಕಾನೂನು. ಕಾನೂನು ಇದ್ದ ಮೇಲೆ ಕಳ್ಳರೂ ಇರಬೇಕಲ್ಲ, ಹದಿಮೂರು ಜನರಿದ್ದ ಮನೆ ಅದು. ಅಜ್ಜಿ ಹಂಡೆಯ ಮುಚ್ಚಳದ ಮೇಲೆ ಒಂದು ಹುಲ್ಲುಕಡ್ಡಿಯನ್ನು ಅಡ್ಡಡ್ಡ ಇಟ್ಟು ಹೋಗುತ್ತಿದ್ದರು. ಕಡ್ಡಿ ಕದಲಿದ್ದರೆ ಅಂದು ಎಲ್ಲರಿಗೂ ವಿಚಾರಣೆ. ನಾನು ಎಂಟು ವರ್ಷಕ್ಕೇ ಆ ಕಡ್ಡಿಯನ್ನು ತೆಗೆದು, ನೀರು ಕದ್ದು, ಕಡ್ಡಿಯನ್ನು ಇದ್ದ ಹಾಗೆಯೇ ಇಡುವುದನ್ನು ಕಲಿತಿದ್ದೆ. ಕಲಿತ ಮೇಲೆ ನನಗೆ ಬೇರೆಯವರ ಮೇಲೆ ಇನ್ನಷ್ಟು ಅನುಮಾನ ಬರತೊಡಗಿತು. ನಾನೇ ಮಾಡಬಲ್ಲೆನಾದರೆ ಅವರು ಮಾಡಲಾರರೆ?

ಇಂಥವಳನ್ನು ತಂದು ಹೊಳೆನರಸೀಪುರದ ಎಲ್ಲರನ್ನೂ ನಂಬುವ ಒಬ್ಬ ಮನುಷ್ಯನಿಗೆ ಕಟ್ಟಿದರು. ನಮ್ಮ ಮನೆಯವರು ಬಸ್ಸಿನಲ್ಲಿ ಪಕ್ಕ ಕೂತವನು ಹೇಳಿದ ಔಷಧಿಯನ್ನೂ ತೆಗೆದುಕೊಳ್ಳುವವರು. ಕಳೆದ ಮಳೆಗಾಲದಲ್ಲಿ ನಮ್ಮ ಸೋಲಾರು ಕೈಕೊಟ್ಟಾಗ ಅವರು ಹಾಸನಕ್ಕೆ ಹೋಗಿ, ಒಂದು ಅಂಗಡಿಯಲ್ಲಿ ಅರ್ಧ ದಿನ ಕೂತು, ಹೀಟ್ ಪಂಪ್ ಎಂಬುದನ್ನು ಗೊತ್ತುಮಾಡಿಕೊಂಡು ಬಂದರು. ಅದು ಗಾಳಿಯಲ್ಲಿರುವ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದಂತೆ, ಫ್ರಿಜ್ಜಿನ ಕೆಲಸವನ್ನೇ ತಿರುಗಾಮುರುಗಾ ಮಾಡುತ್ತದಂತೆ, ಕರೆಂಟು ಗೀಸರಿನ ಕಾಲುಭಾಗವೂ ಬೇಡವಂತೆ. ಮಾಗಿಯ ಬೆಳಗಿನ ಜಾವ ನಮ್ಮೂರಿನ ಗಾಳಿಯಲ್ಲಿ ಬಿಸಿ ಎಲ್ಲಿರುತ್ತದೆ ಎಂದು ಕೇಳಿದೆ. ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ ಎಂದರು. ಈ ಮಾತನ್ನು ದೇವರ ವಿಷಯದಲ್ಲಿ ಕೇಳಿದ್ದೆ, ಬಿಸಿನೀರಿನ ವಿಷಯದಲ್ಲಿ ಕೇಳಿದ್ದು ಅದೇ ಮೊದಲು.

ಯಂತ್ರ ತಾರಸಿಗೆ ಏರಿತು. ಪೈಪು ಎಳೆಯುವವರು ಅಭ್ಯಾಸಬಲದಿಂದ ಹಿಂದಿನ ಬಚ್ಚಲಿಗೂ ಒಂದು ಬಿಸಿನೀರಿನ ನಲ್ಲಿ ಇಟ್ಟರು. ಅದು ನಮ್ಮ ಅತ್ತೆ ಸೀತಮ್ಮನವರ ಬಚ್ಚಲು, ಮಡಿಯ ಬಚ್ಚಲು. ಆಗ ಅತ್ತೆ ಬಾಗಿಲಲ್ಲಿ ನಿಂತು, ನನಗೆ ಅದೆಲ್ಲ ಬೇಡ, ಆದರೆ ಹಾಕಿದ್ದನ್ನು ಯಾಕೆ ಕೀಳ್ತೀರಿ, ಇರಲಿ ಬಿಡಿ ಎಂದಿದ್ದರು. ನಾನು ಈ ಮಾತನ್ನು ಆಗಲೇ ಗಮನಿಸಬೇಕಿತ್ತು.

ವೈಫೈಗೆ ಜೋಡಿಸಲು ಬಂದವನು ಮಂಜೇಗೌಡ. ಚನ್ನರಾಯಪಟ್ಟಣದ ಕಡೆಯ ಒಕ್ಕಲು ಮನೆತನದ, ನಲವತ್ತರ ಆಸುಪಾಸಿನ ಗಟ್ಟಿ ಆಳು. ಯಂತ್ರದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದು, ಅದರ ದೀಪ ಮಿಣುಕುವವರೆಗೆ ಉಸಿರು ಕಟ್ಟಿದವನಂತೆ ನಿಂತು, ಆಮೇಲೆ ಫೋನು ಕೊಡಿ ಎಂದು ಕೈಚಾಚಿದ. ಮನೆಯವರ ಫೋನು ಹಳೆಯದು, ಆ್ಯಪ್ ಅದರೊಳಗೆ ಇಳಿಯಲೇ ಇಲ್ಲ. ಹಾಗಾಗಿ ನನ್ನದನ್ನು ಕೊಟ್ಟೆ. ಅದು ಮನೆಯ ವೈಫೈಯನ್ನು ಹುಡುಕಿ ಹುಡುಕಿ ಸೋತಿತು. ನಮ್ಮ ಪೆಟ್ಟಿಗೆಯಿಂದ ಎರಡು ವೈಫೈ ಬರುತ್ತವಂತೆ, ಒಂದು ವೇಗದ್ದು, ಇನ್ನೊಂದು ನಿಧಾನದ್ದು. ‘ಇದುಕ್ಕೆ ಹಳೇ ನಿಧಾನದ್ದೇ ಆಗ್ಬೇಕು ಮೇಡಂ, ಒಸಾದು ಇದ್ರ ಕಣ್ಣಿಗೆ ಬೀಳಾಕಿಲ್ಲ’ ಎಂದ ಮಂಜೇಗೌಡ. ನಿಧಾನದ್ದನ್ನೇ ಕೊಟ್ಟೆವು. ಅಷ್ಟಾದ ಮೇಲೆ ಆ್ಯಪ್ ಪ್ರಶ್ನೆ ಕೇಳಲು ಶುರುಮಾಡಿತು. ನಾನು ಎಲ್ಲಿದ್ದೇನೆ ಎಂದು ತಿಳಿಯಬೇಕಂತೆ. ನನ್ನ ಮನೆಗೆ ಒಂದು ಹೆಸರಿಡಬೇಕಂತೆ. ನನ್ನ ಹುಟ್ಟಿದ ವರ್ಷ ಬೇಕಂತೆ. ನೀರು ಕಾಯಿಸುವವನಿಗೆ ನನ್ನ ವಯಸ್ಸೇಕೆ?

‘ಕೊಟ್ಬುಡಿ ಮೇಡಂ, ಎಲ್ರೂ ಕೊಟ್ಟವ್ರೆ’ ಎಂದ ಮಂಜೇಗೌಡ.

ಎಲ್ಲರೂ ಕೊಟ್ಟಿದ್ದಾರೆ ಎಂಬುದಕ್ಕಿಂತ ಅನುಮಾನಕ್ಕೆ ಬೇರೆ ಕಾರಣ ಬೇಕೆ? ನಾನು ಐದು ವರ್ಷ ಕಡಿಮೆ ಮಾಡಿ ಕೊಟ್ಟೆ. ಅದು ನಂಬಿತು. ಇಷ್ಟು ಸುಲಭವಾಗಿ ನಂಬುವ ಯಂತ್ರವನ್ನು ನಮ್ಮ ಮನೆಯವರು ಆರಿಸಿ ತಂದದ್ದರಲ್ಲಿ ಆಶ್ಚರ್ಯವಿಲ್ಲ ಎನಿಸಿತು. ಮಂಜೇಗೌಡ ಹೊರಡುವಾಗ, ಇನ್ನು ಮೊಸಳೆ ಊರಿನ ಗುಡಿಯಲ್ಲಿ ನಿಂತುಕೊಂಡೂ ಮನೆಯ ನೀರು ಕಾಯಿಸಬಹುದು, ಶೆಟ್ಟಿಹಳ್ಳಿಗೆ ಹೋಗಿ ಹಿನ್ನೀರು ನೋಡುತ್ತಲೂ ಆರಿಸಬಹುದು ಎಂದು ಹೊಗಳಿದ. ಹಿನ್ನೀರು ನೋಡಲು ಹೋದವರು ಬಚ್ಚಲಿನ ನೀರನ್ನು ಯಾಕೆ ನೆನೆಯಬೇಕು ಎಂದು ಆಗ ನಕ್ಕಿದ್ದೆ. ಒಂದು ವಾರದಲ್ಲಿ ನಾನೇ ಶಾಲೆಯ ಸ್ಟಾಫ್ ರೂಮಿನಲ್ಲಿ, ಸಂತೆಯಲ್ಲಿ, ಯಾರದೋ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು ನಮ್ಮ ತೊಟ್ಟಿಯ ಬಿಸಿ ನೋಡುತ್ತಿದ್ದೆ.

ಆ ಆ್ಯಪಿನಲ್ಲಿ ಒಂದು ಗೆರೆ ಇದೆ. ದಿನವಿಡೀ ತೊಟ್ಟಿಯ ಬಿಸಿ ಎಷ್ಟಿತ್ತು ಎಂದು ಏರಿಳಿದು ತೋರಿಸುವ ಗೆರೆ. ಬೆಳಿಗ್ಗೆ ಏಳಕ್ಕೆ ನಾನು ಸ್ನಾನ ಮಾಡಿದಾಗ ಇಳಿಯುತ್ತದೆ, ಏಳೂವರೆಗೆ ಮನೆಯವರದು, ಇನ್ನೊಂದು ಇಳಿತ. ಒಂದು ದಿನ ಗೆರೆಯನ್ನು ಹಿಂದಕ್ಕೆ ಎಳೆದು ನೋಡುತ್ತೇನೆ, ಬೆಳಗಿನ ಜಾವ ನಾಲ್ಕು ಮುಕ್ಕಾಲಿಗೆ ಅದು ಐವತ್ತೈದರಿಂದ ನಲವತ್ತೇಳಕ್ಕೆ ಬಿದ್ದಿದೆ. ಹಿಂದಿನ ದಿನವೂ ಅಷ್ಟೆ. ಅದರ ಹಿಂದಿನ ದಿನವೂ. ಮನೆಯಲ್ಲಿ ನಾಲ್ಕು ಮುಕ್ಕಾಲಿಗೆ ಎದ್ದಿರುವವರು ಒಬ್ಬರೇ, ಅತ್ತೆ.

ಇಲ್ಲಿ ನಿಮಗೆ ಅತ್ತೆಯ ತಣ್ಣೀರಿನ ವಿಷಯ ಹೇಳಬೇಕು. ಎಪ್ಪತ್ತೆಂಟು ವರ್ಷದ ನಮ್ಮ ಅತ್ತೆ ತಣ್ಣೀರಿನಲ್ಲಿ ಮಿಂದು ಮಡಿಯುಟ್ಟಲ್ಲದೆ ದೇವರ ನೈವೇದ್ಯಕ್ಕೆ ಒಲೆ ಹಚ್ಚುವವರಲ್ಲ. ಬಿಸಿನೀರು ಮೈಗೆ ಹಿತ, ಮಡಿಗಲ್ಲ ಎಂಬುದು ಅವರ ಮಾತು. ನಂಟರಿಷ್ಟರ ಮನೆಯ ಸಮಾರಾಧನೆಗಳಿಗೆ ಅಡಿಗೆಯ ಉಸ್ತುವಾರಿಗೆ ಅವರನ್ನೇ ಕರೆಯುತ್ತಿದ್ದರು. ಚನ್ನರಾಯಪಟ್ಟಣದಲ್ಲಿರುವ ನನ್ನ ನಾದಿನಿಯಂತೂ ಪ್ರತಿ ಧನುರ್ಮಾಸದಲ್ಲೂ ಫೋನು ಮಾಡಿ, ಅಮ್ಮ ಈಗಲೂ ತಣ್ಣೀರೇನಾ ಎಂದು ಕೇಳಿ, ಹೌದು ಎಂದರೆ ತನ್ನ ಅತ್ತೆಗೆ ಕೇಳಿಸುವ ಹಾಗೆ ಹೆಮ್ಮೆಪಡುತ್ತಾಳೆ.

ನನಗೆ ಹೆಮ್ಮೆಯಿರಲಿಲ್ಲ. ಸಿಟ್ಟಿತ್ತು. ಮದುವೆಯಾದ ವರ್ಷದ ಧನುರ್ಮಾಸದಲ್ಲಿ ಒಂದು ದಿನ, ಮೈ ಬೆಚ್ಚಗಿತ್ತೆಂದು, ಎರಡು ಚೊಂಬು ಬಿಸಿನೀರು ಬೆರೆಸಿ ಮಿಂದು ಬಂದು ಹುಗ್ಗಿಗೆ ಇಟ್ಟಿದ್ದೆ. ಅತ್ತೆ ಬಂದು ನನ್ನ ತಲೆಯಿಂದ ಏಳುತ್ತಿದ್ದ ಆವಿ ನೋಡಿದರು. ಏನೂ ಬೈಯಲಿಲ್ಲ. ಪಾತ್ರೆಯನ್ನು ಕೆಳಗಿಳಿಸಿ, ಅಷ್ಟೂ ಹುಗ್ಗಿಯನ್ನು ಹಸುವಿಗೆ ಹಾಕಿಸಿ, ತಾವು ಇನ್ನೊಮ್ಮೆ ಹೆಸರುಬೇಳೆ ಹುರಿಯಲು ಕೂತರು. ಬೈದಿದ್ದರೆ ಮರೆಯುತ್ತಿದ್ದೆ. ಅಂದಿನಿಂದ ಇಪ್ಪತ್ತೊಂಬತ್ತು ವರ್ಷ, ಹಬ್ಬ ಹರಿದಿನ, ತಿಥಿ, ಧನುರ್ಮಾಸ ಎಲ್ಲದಕ್ಕೂ ಹಲ್ಲು ಕಟಕಟ ಎನ್ನುತ್ತ ತಣ್ಣೀರು ಸುರಿದುಕೊಂಡಿದ್ದೇನೆ. ಮೊಣಕಾಲಿನ ನೋವು ಶುರುವಾದ ಮೇಲೆ, ಎರಡು ವರ್ಷದಿಂದ, ಅಡಿಗೆಯನ್ನು ಅವರಿಗೇ ಬಿಟ್ಟು ಏಳು ಗಂಟೆಯವರೆಗೆ ಹೊದ್ದು ಮಲಗುವ ಧೈರ್ಯ ಬಂದಿತ್ತು. ಆಗಲೂ ಅತ್ತೆ ಒಮ್ಮೆ ನೋಡಿದರು ಅಷ್ಟೆ.

ಅಂಥ ಅತ್ತೆ ನಾಲ್ಕು ಮುಕ್ಕಾಲಿಗೆ ಬಿಸಿನೀರಿನ ನಲ್ಲಿ ತಿರುಗಿಸುತ್ತಿದ್ದಾರೆ! ಬೆಕ್ಕು ಕಣ್ಣುಮುಚ್ಚಿಕೊಂಡು ಹಾಲು ಕುಡಿಯುತ್ತಿದೆ, ಜಗತ್ತು ನನ್ನ ಫೋನಿನಲ್ಲಿ ನೋಡುತ್ತಿದೆ. ನನಗಾದ ಸಂತೋಷವನ್ನು ಮುಚ್ಚಿಟ್ಟು ಹೇಳಿದರೆ ಸುಳ್ಳಾಗುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ನಕ್ಕೆ. ಆದರೆ ಅನುಮಾನದವರಿಗೆ ಸಾಕ್ಷಿ ಒಂದು ಸಾಲದು. ಯಂತ್ರವೇ ತಪ್ಪು ತೋರಿಸುತ್ತಿರಬಹುದಲ್ಲ? ಪರೀಕ್ಷೆ ಮಾಡಬೇಕೆನಿಸಿತು. ನನಗೆ ಅದು ಪರೀಕ್ಷೆಯೆಂದೇ ತೋರಿತು, ಆಣೆ ಮಾಡಿ ಹೇಳುತ್ತೇನೆ. ಈಗ ಯೋಚಿಸಿದರೆ ಆ ಮಾತಿನ ಮೇಲೂ ಅನುಮಾನ ಬರುತ್ತದೆ.

ಧನುರ್ಮಾಸ ಹಿಡಿದು ಆರನೆಯ ದಿನವೋ ಏಳನೆಯ ದಿನವೋ. ಬೆಳಿಗ್ಗೆ ನಾವಿಬ್ಬರೂ ಮಿಂದ ಮೇಲೆ ತೊಟ್ಟಿ ಹೆಚ್ಚುಕಡಿಮೆ ಬರಿದಾಗಿ ತಣ್ಣೀರು ತುಂಬಿಕೊಳ್ಳುತ್ತದೆ, ಹಗಲು ಮತ್ತೆ ಕಾಯುತ್ತದೆ. ಅಂದು ಶಾಲೆಯಿಂದಲೇ ಬೆರಳಿನಲ್ಲಿ ಒಮ್ಮೆ ಮುಟ್ಟಿ ಯಂತ್ರವನ್ನು ಆರಿಸಿದೆ. ಮರುದಿನ ನಾಲ್ಕೂವರೆಗೇ ನನಗೆ ಎಚ್ಚರ. ಹಾಸಿಗೆಯಲ್ಲೇ ಕಿವಿಗೊಟ್ಟು ಮಲಗಿದೆ. ನಲ್ಲಿ ತಿರುಗಿದ ಸದ್ದು, ನೀರು ಬಕೆಟಿಗೆ ಬಿದ್ದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೊದಲ ಚೊಂಬು ಸುರಿದುಕೊಂಡದ್ದು, ಜೊತೆಗೆ ಅತ್ತೆಯ ಗಂಟಲಿನಿಂದ ಒಂದು ಸಣ್ಣ ಸ್ವರ. ಅವರು ಹೊರಗೆ ಬಂದ ಕೂಡಲೇ ನಾನು ಯಂತ್ರ ಹಾಕಿದೆ, ಏಳು ಗಂಟೆಗೆ ನನಗೂ ಮನೆಯವರಿಗೂ ಬೇಕಲ್ಲ.

ದೂರು ಬರುತ್ತದೆ ಎಂದು ಕಾದೆ. ನೀರು ಯಾಕೋ ಕಾದಿಲ್ಲ ಎಂದು ಅತ್ತೆ ಹೇಳಬೇಕು, ನಿಮಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಬೇಕು, ಇದು ನನ್ನ ಲೆಕ್ಕ. ಅತ್ತೆ ಎಂದಿನಂತೆ ಪೂಜೆ ಮುಗಿಸಿದರು. ಹುಗ್ಗಿ ಕೊಟ್ಟರು, ತಿಂದೆ. ಎರಡನೆಯ ದಿನವೂ ಆರಿಸಿದೆ. ಮೂರನೆಯ ದಿನವೂ. ಅವರ ಬಾಯಿಂದ ಒಂದು ಮಾತು ಬರಲಿ ಎಂಬ ಹಟ ನನಗೆ. ದೂರು ಹೇಳಿದರೆ ಗುಟ್ಟು ಹೊರಬೀಳುತ್ತದೆ, ಆದ್ದರಿಂದ ಅವರು ಹೇಳಲಾರರು ಎಂಬುದು ಗಣಿತ ಮೇಡಂ ಎನಿಸಿಕೊಂಡ ನನಗೆ ಹೊಳೆಯಲೇ ಇಲ್ಲ.

ನಾಲ್ಕನೆಯ ದಿನ ಬಚ್ಚಲಿನಲ್ಲಿ ಸದ್ದಿಲ್ಲ. ಹೋಗಿ ನೋಡಿದರೆ ಅತ್ತೆ ಹಾಸಿಗೆಯಲ್ಲೇ ಇದ್ದರು, ಮಂಡಿ ಎದೆಗೆ ಮಡಚಿಕೊಂಡು. ಹಣೆ ಸುಡುತ್ತಿತ್ತು. ಕೆಮ್ಮು ಒಳಗಿನಿಂದ ಕಿತ್ತುಕೊಂಡು ಬರುತ್ತಿತ್ತು. ಮನೆಯವರು ಗಾಬರಿಯಾಗಿ ಡಾಕ್ಟರನ್ನೇ ಕರೆತಂದರು. ಎದೆಯಲ್ಲಿ ಕಫ ಕಟ್ಟಿದೆ, ಮಾತ್ರೆ ಕೊಡುತ್ತೇನೆ, ಈ ವಯಸ್ಸಿನಲ್ಲಿ ಇನ್ನೊಮ್ಮೆ ತಣ್ಣೀರು ಸುರಿದುಕೊಂಡರೆ ಆಸ್ಪತ್ರೆಯೇ ಗತಿ ಎಂದು ಅವರು ಹೇಳುವಾಗ ನಾನು ಅತ್ತೆಯ ಮುಖ ನೋಡಲಾರದೆ ಫೋನು ಹಿಡಿದುಕೊಂಡು ನಿಂತಿದ್ದೆ. ಅತ್ತೆ ಬಹಳ ಮೆಲ್ಲಗೆ, ‘ನನಗೆ ತಣ್ಣೀರೇ ಅಭ್ಯಾಸ’ ಎಂದರು.

ಯಂತ್ರವನ್ನು ಅಂದೇ ಹಾಕಿದೆ. ಐವತ್ತೈದು ಇದ್ದುದನ್ನು ಐವತ್ತೆಂಟಕ್ಕೆ ಏರಿಸಿದೆ. ಐದು ದಿನಕ್ಕೆ ಜ್ವರ ಬಿಟ್ಟಿತು, ಆರನೆಯ ದಿನ ಬೆಳಗಿನ ಜಾವ ಹಿಂದಿನ ಬಚ್ಚಲಿನಲ್ಲಿ ಸದ್ದಾಯಿತು. ಹಾಸಿಗೆಯಲ್ಲಿ ಫೋನು ತೆರೆದು ಗೆರೆ ನೋಡುತ್ತ ಮಲಗಿದೆ. ಐವತ್ತೆಂಟು. ಚೊಂಬಿನ ಸದ್ದು, ನೀರಿನ ಸದ್ದು, ಮತ್ತೆ ಅದೇ ಸಣ್ಣ ಸ್ವರ. ಐವತ್ತೆಂಟು. ಕಳ್ಳತನ ಹಿಡಿಯಲು ನೋಡುತ್ತಿದ್ದ ಗೆರೆ ಈಗ ಇಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದು ಇಳಿಯಲಿಲ್ಲ. ಅತ್ತೆ ಬಿಸಿನೀರಿನ ನಲ್ಲಿಯನ್ನು ಮುಟ್ಟಿಯೇ ಇರಲಿಲ್ಲ. ಮನೆಯವರು ಬೈದರು, ಬೇಡಿಕೊಂಡರು. ಅತ್ತೆ ಆಯಿತು ಕಣೋ ಎಂದರು, ಮನೆಯವರು ನಂಬಿದರು. ಮರುದಿನವೂ ಗೆರೆ ಮಲಗಿಯೇ ಇತ್ತು. ಅವರ ಆಯಿತು ಎಂಬುದು ಸುಳ್ಳೆಂದು ಇಡೀ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಸಂಜೆಯ ಹೊತ್ತಿಗೆ ಕೆಮ್ಮು ಮತ್ತೆ ಏರುತ್ತಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಎರಡು ದಿನ ಉಪಾಯ ಹುಡುಕಿದೆ. ತಣ್ಣೀರಿನ ನಲ್ಲಿಯೇ ಕೆಟ್ಟಿತೆಂದು ಹೇಳೋಣವೆ? ಪುರೋಹಿತರಿಂದ ಹೇಳಿಸೋಣವೆ? ಆದರೆ ನನಗೆ ನಿಜವಾಗಿ ಭಯವಾಗಿತ್ತು. ಅತ್ತೆ ಹೋಗಿಬಿಟ್ಟರೆ ಅದು ನನ್ನ ಒಂದು ಬೆರಳಿನಿಂದ ಎಂದು ಯಾರಿಗೂ ಗೊತ್ತಾಗುವುದಿಲ್ಲ, ನನಗೆ ಗೊತ್ತಿರುತ್ತದೆ.

ಭಾನುವಾರ ಮಧ್ಯಾಹ್ನ ಮನೆಯವರು ಪೇಟೆಗೆ ಹೋಗಿದ್ದರು. ಅತ್ತೆ ಅಡಿಗೆಮನೆಯಲ್ಲಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ಎದುರಿಗೆ ಕೂತು ನಾನೂ ಸುಲಿಯತೊಡಗಿದೆ. ಸೊಗಡಿನ ಕಾಯಿ, ಬೆರಳೆಲ್ಲ ಅಂಟಂಟು. ಅರ್ಧ ಮೊರ ಮುಗಿದ ಮೇಲೆ ತಲೆ ಎತ್ತದೆಯೇ ಹೇಳಿದೆ.

‘ಅತ್ತೆ, ಅವತ್ತು ಮೂರು ದಿನ ನೀರು ಕಾದಿರಲಿಲ್ಲವಲ್ಲ. ಅದು ನಾನೇ ಆರಿಸಿದ್ದು. ಫೋನಿನಿಂದ.’

ಅತ್ತೆಯ ಕೈ ನಿಂತಿತು. ನೀವು ಬಿಸಿನೀರು ಬಿಟ್ಟುಕೊಳ್ಳುವುದು ನನಗೆ ಗೊತ್ತಿತ್ತು, ನಿಮ್ಮನ್ನು ಸಿಕ್ಕಿಸಬೇಕು ಅಂತಲೇ ಆರಿಸಿದೆ, ನನ್ನದು ತಪ್ಪಾಯಿತು ಎಂದು ಉಳಿದದ್ದನ್ನೂ ಒಂದೇ ಉಸಿರಿಗೆ ಒದರಿದೆ.

‘ನೀನಾ?’ ಎಂದರು. ‘ನಾನು ದೇವರು ಅಂದ್ಕೊಂಡಿದ್ದೆ ಕಣೇ ಪದ್ಮಾ.’

ಮಂಡಿಯ ನೋವು ತಡೆಯಲಾರದೆ ನಲ್ಲಿ ಬಂದ ದಿನದಿಂದಲೇ ಬಿಟ್ಟುಕೊಳ್ಳುತ್ತಿದ್ದರಂತೆ. ದಿನವೂ ದೇವರ ಮುಂದೆ ಕೂತು, ನನ್ನ ಕೈಲಾಗಲ್ಲ ಕಣಪ್ಪ, ನೀನೇ ಹೊಟ್ಟೆಗೆ ಹಾಕ್ಕೋ ಎಂದು ಕೇಳಿಕೊಳ್ಳುತ್ತಿದ್ದರಂತೆ. ಎಲ್ಲ ಬಿಟ್ಟು ಧನುರ್ಮಾಸದಲ್ಲೇ, ಅವರ ನಲ್ಲಿಯಲ್ಲಿ ಮಾತ್ರ, ಆ ಹೊತ್ತಿಗೆ ಮಾತ್ರ ನೀರು ತಣ್ಣಗಾದಾಗ ಉತ್ತರ ಬಂತು ಎಂದುಕೊಂಡರು. ಏಳು ಗಂಟೆಗೆ ನಮ್ಮಿಬ್ಬರಿಗೂ ಬಿಸಿನೀರು ಬರುತ್ತಿದ್ದುದು ಅವರಿಗೆ ಗೊತ್ತಿತ್ತಲ್ಲ, ತನ್ನೊಬ್ಬಳಿಗೇ ಶಿಕ್ಷೆ ಎಂದು ಖಾತ್ರಿಯಾಯಿತು. ಇಷ್ಟು ತಿಂಗಳು ಇಟ್ಟ ನೈವೇದ್ಯ ಒಂದೂ ಅವನಿಗೆ ಮುಟ್ಟಿಲ್ಲ ಎಂದು ಜ್ವರದಲ್ಲಿ ಗೋಡೆಯ ಕಡೆ ತಿರುಗಿ ಅತ್ತಿದ್ದರಂತೆ. ಅಳು ನನಗೂ ಬಂತು, ಅಂಟುಗೈಯಲ್ಲಿ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಈಗ ಬೈಗುಳ ಬರುತ್ತದೆ ಎಂದು ಕಾದೆ. ಅತ್ತೆ ಇನ್ನೊಂದು ಅವರೆಕಾಯಿ ಬಿಡಿಸಿ, ಕಾಳನ್ನು ಬಟ್ಟಲಿಗೆ ಹಾಕಿದರು.

‘ಹಾಗಾದ್ರೆ ಅವನಿಗೆ ಕೋಪ ಬಂದಿಲ್ಲ’ ಎಂದರು.

ಅಷ್ಟು ಹಗುರವಾದ ಮುಖವನ್ನು ನಾನು ಮೂವತ್ತೊಂದು ವರ್ಷದಲ್ಲಿ ಅವರಲ್ಲಿ ಕಂಡಿರಲಿಲ್ಲ. ಆದರೆ ಇದನ್ನು ನೀವು ಕ್ಷಮೆ ಎಂದುಕೊಂಡರೆ ನಮ್ಮ ಅತ್ತೆಯನ್ನು ತಿಳಿದಿಲ್ಲ. ಕೋಪ ದೇವರಿಗೆ ಬಂದಿಲ್ಲ ಎಂದು ಗೊತ್ತಾದ ಮೇಲೆ ಅವರಿಗೆ ಬಂತು. ಬಚ್ಚಲಿಗೆ ಹೋದದ್ದು ಬಂದದ್ದೆಲ್ಲ ಅದರಲ್ಲಿ ಕಾಣತ್ತಾ ಎಂದು ಕೇಳಿದರು. ಬಿಸಿ ಎಷ್ಟಿದೆ ಎಂಬುದು ಮಾತ್ರ, ಮನುಷ್ಯರು ಕಾಣುವುದಿಲ್ಲ ಎಂದೆ. ನೀನು ಹೇಳಿದ್ದನ್ನ ನಾನು ನಂಬಬೇಕಾ ಎಂದರು. ಎರಡು ದಿನ ನನ್ನೊಡನೆ ಮಾತಿಲ್ಲ, ಬೆಳಗಿನ ಜಾವ ಗೆರೆಯೂ ಇಳಿಯಲಿಲ್ಲ, ಫೋನು ಹಿಡಿದು ಅಡಿಗೆಮನೆಗೆ ಹೋದರೆ ಸೆರಗು ಸರಿಮಾಡಿಕೊಂಡು ಆಚೆ ತಿರುಗುವರು. ಆ ಎರಡು ದಿನದಲ್ಲೇ ನಾದಿನಿಯ ಫೋನು ಬಂತು, ಮೈಯಲ್ಲಿ ಹುಷಾರಿಲ್ಲದಿದ್ದರೂ ಅಮ್ಮ ತಣ್ಣೀರೇನಾ ಎಂದು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಹೌದು ಎಂದೆ. ಅವರು ಒಳಗೆ ಹೋದರು, ಅಂದು ರಾತ್ರಿ ನನ್ನ ತಟ್ಟೆಗೆ ಹಿತುಕಿದ ಅವರೆಯ ಸಾರು ಎರಡು ಸೌಟು ಹೆಚ್ಚಿಗೆ ಬಿತ್ತು.

ಮರುದಿನ ಬೆಳಗಿನ ಜಾವ ನಾಲ್ಕು ಮುಕ್ಕಾಲು. ನಾನು ಮಾಮೂಲಿನಂತೆ ಹೊದಿಕೆಯೊಳಗೆ ಫೋನು ಹಿಡಿದು ಕಾಯುತ್ತಿದ್ದೆ. ಐವತ್ತೆಂಟು. ಗೆರೆ ಕದಲಲಿಲ್ಲ. ಇವತ್ತೂ ಇಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಬಚ್ಚಲಿನಿಂದ, ಮನೆಯವರೂ ಎಚ್ಚರವಾಗುವ ಹಾಗೆ, ಅತ್ತೆಯ ದನಿ ಕೇಳಿಸಿತು.

‘ಪದ್ಮಾ, ನೀರು ಎಷ್ಟಿದೆ ನೋಡು.’

ಐವತ್ತೆಂಟು ಎಂದು ಮಲಗಿದಲ್ಲಿಂದಲೇ ಕೂಗಿದೆ.

‘ಫೋನು ಬೇಡ. ನೀನೇ ಬಂದು ಕೈಯಿಟ್ಟು ನೋಡು.’

ಎದ್ದೆ. ಮಾಗಿಯ ನೆಲ ಪಾದಕ್ಕೆ ಚುರುಗುಟ್ಟುತ್ತಿತ್ತು, ಮಂಡಿ ಹಿಡಿದುಕೊಂಡೇ ಹಿಂದಿನ ಬಚ್ಚಲಿನವರೆಗೆ ನಡೆದೆ. ಅತ್ತೆ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಲ್ಲಿ ತಿರುಗಿಸಿ ಅದರ ಕೆಳಗೆ ಕೈಯಿಟ್ಟೆ. ಅವರು ನೀರನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಸುಟ್ಟು ಕೈ ಎಳೆದುಕೊಂಡಾಗ ಅವರಿಗೆ ನಂಬಿಕೆ ಬಂತು.

‘ಸರಿ, ಆಚೆ ನಡಿ’ ಎಂದರು. ‘ಮಿಂದು ಬರ್ತೀನಿ, ಮುಟ್ಟಿಬಿಟ್ಟೀಯೆ.’